ಟ್ಯೂಬ್‌ಲೆಸ್ ಮಾಡಬೇಕು: ರಿಮ್ ಟೇಪ್ ಎಷ್ಟು ಅಗಲದ್ದು, ಎಷ್ಟು ಸುತ್ತು? ಖುದ್ದು ಮಾಡಿದವರು ಹೇಳ್ರಿ

ಕೇಶ್ವಾಪುರ ಸವಾರ

ಎಲ್ಲರಿಗೂ ನಮಸ್ಕಾರ. ಗ್ರ್ಯಾವೆಲ್ ಸೈಕಲ್ಲಿಗೆ ಟ್ಯೂಬ್‌ಲೆಸ್ (ಒಳಗ ಟ್ಯೂಬ್ ಇಲ್ಲದ ಟೈರ್) ಮಾಡೂದಂತ ಗಟ್ಟಿ ಮಾಡೀನಿ. ರಿಮ್ ಮ್ಯಾಲ 622×21ಟಿಸಿ ಅಂತ ಬರದೈತಿ (21 ಅಂದ್ರ ಒಳಗಿನ ಅಗಲ, ಮಿ.ಮೀ.), ಟೈರ್ 40 ಮಿ.ಮೀ., ಎರಡೂ ಟ್ಯೂಬ್‌ಲೆಸ್ ರೆಡಿ. ರವಿವಾರ ನಲವಡಿ, ಅಣ್ಣಿಗೇರಿ ಕಡೆ ಹೋಗತೇವಿ. ಡಾಂಬರ್ ಬಿಟ್ಟು ಹೊಲದ ದಾರಿಗೆ ಇಳದ್ರ ನೆಗ್ಗಿಲಮುಳ್ಳು, ಬದುವಿನ ಬಾಜೂಕ ಬಳ್ಳಾರಿ ಜಾಲಿ. ಟ್ಯೂಬಿನ ಮ್ಯಾಲ ಪ್ಯಾಚ್ ಹಚ್ಚಾಕ ಜಾಗಾ ಉಳಿದಿಲ್ಲ.

ಅಂಗಡಿಯವರು ಎರಡೂ ಗಾಲಿಗೆ ಟೇಪ್ (ರಿಮ್ಮಿನ ಸ್ಪೋಕ್ ತೂತು ಮುಚ್ಚೂ ಪಟ್ಟಿ), ವಾಲ್ವ್, ಸೀಲೆಂಟ್ (ಟೈರಿನೊಳಗ ಹಾಕೂ, ಪಂಕ್ಚರ್ ಮುಚ್ಚೂ ದ್ರವ), ಮಜೂರಿ ಸೇರಿ 3,800 ರೂಪಾಯಿ ಹೇಳ್ಯಾರ. ಸೀಲೆಂಟ್, ವಾಲ್ವ್ ಬಗ್ಗೆ ಓದಿ ತಿಳಕೊಂಡೀನಿ. ಟೇಪಿನ ವಿಷಯದಾಗ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳತಾರ. 21ರ ರಿಮ್ಮಿಗೆ 23 ಸಾಕೋ, 25 ಬೇಕೋ? ಒಂದ ಸುತ್ತೋ, ಎರಡೋ? ಮನ್ಯಾಗ ಸುತ್ತಬಹುದೋ, ಅಂಗಡಿಗೇ ಕೊಡಬೇಕೋ?

ಕಪ್ಪತಗುಡ್ಡ ಗಾಲಿ, ಗದಗ

3,800 ಕೊಡಬ್ಯಾಡ್ರಿ ಅಣ್ಣಾ. ನಂದು ಹೇಳತೀನಿ ಕೇಳ್ರಿ.

ಮೊದಲನೇ ಸಲ ನಾನೂ ಹೆಸರಾದ ಕಂಪನಿ ಹಳದಿ ಟೇಪನ್ನ ತರಿಸಿದ್ದೆ. 10 ಮೀಟರಿಗೆ 1,150, ಮ್ಯಾಲ ಕೊರಿಯರ್ 120. 700ಸಿ (ನಿಮ್ಮ 622ರ) ಗಾಲಿಗೆ ಒಂದು ಸುತ್ತಿಗೆ ಹತ್ತತ್ತರ 2 ಮೀಟರ್ ಹೋಗತೈತಿ. ಎರಡೂ ಗಾಲಿಗೆ ಎರಡೆರಡು ಸುತ್ತು ಹಾಕಿದ್ರ ರೋಲ್ ಮುಗೀತು. ಅಂದ್ರ ಒಂದು ಗಾಲಿಗೆ 635 ರೂಪಾಯಿ, ಬರೇ ಟೇಪಿಗೆ. ಅದನ್ನ ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ. ಹುಡುಕಾಕ ಹತ್ತಿದೆ. ಆ ಹಳದಿ ಟೇಪ್ ಅಂದ್ರ ಬ್ಯಾರೆ ಏನೂ ಅಲ್ರಿ, ಪಾಲಿಪ್ರೊಪಿಲೀನ್ ಹಾಳಿಗೆ ರಬ್ಬರ್ ಅಂಟು ಸವರಿದ್ದು. ಕಾರ್ಖಾನ್ಯಾಗ ಡಬ್ಬಿ, ಪೈಪು, ಫ್ರಿಜ್ಜಿನ ಬಾಗಿಲಾ ಬಿಗದು ಕಟ್ಟಾಕ ಬಳಸೂ ಟೇಸಾ 4289 ಅನ್ನೂದೂ ಅದ ಜಾತಿದು. 25 ಮಿ.ಮೀ. ಅಗಲ, 66 ಮೀಟರ್ ರೋಲು. ಬೆಂಗಳೂರಿನ ಇಂಡಸ್ಟ್ರಿಯಲ್ ಸಾಮಾನಿನವರ ಕಡೆಯಿಂದ ನನಗ 1,900ಕ್ಕ ಬಂತು, ಕೊರಿಯರ್ ಸೇರಿ. ಗಾಲಿಗೆ 4 ಮೀಟರ್ ಚಿಲ್ಲರ ಅಂತ ಹಿಡದ್ರೂ 16 ಗಾಲಿ ಆಗತಾವು. ಲೆಕ್ಕಾ ಹಾಕ್ರಿ, ಗಾಲಿಗೆ 120 ರೂಪಾಯಿ ದಾಟೂದಿಲ್ಲ. ನಮ್ಮ ಗದಗಿನ ಗುಂಪಿನ್ಯಾಗ ಅರ್ಧಕ್ಕರ್ಧ ಸೈಕಲ್ ಅದ ರೋಲಿನ ಮ್ಯಾಲ ಓಡಾಕತ್ತಾವು.

ಸುತ್ತೂ ರೀತಿ: ರಿಮ್ಮಿಗೆ ಒಂದು ಎಳಿ ಎಣ್ಣಿ ಇರಬಾರದು. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಬಿಳೇ ಬಟ್ಟಿ ಬೆಳ್ಳಗ ಬರೂತನಕ ಒರಸ್ರಿ. ಸೀಮೆಎಣ್ಣಿ ಅಂತೂ ಮುಟ್ಟಬ್ಯಾಡ್ರಿ. ಔಷಧ ಅಂಗಡ್ಯಾಗಿನ ಸರ್ಜಿಕಲ್ ಸ್ಪಿರಿಟ್ಟೂ ನೋಡಿ ತಗೋರಿ, ಕೆಲವೊಂದರಾಗ ಹರಳೆಣ್ಣಿ ಕೂಡಿಸಿರತಾರ, ಅದು ಪದರಾಗಿ ಉಳೀತೈತಿ. ವಾಲ್ವ್ ತೂತಿನಿಂದ ಒಂದು ಗೇಣು ಹಿಂದ ಶುರು ಮಾಡಿ, ಹಲಗಿ ಬಿಗದಂಗ ಜಗ್ಗಿ ಸುತ್ತಬೇಕು. ಕಡೀಕ ಮತ್ತ ವಾಲ್ವ್ ದಾಟಿ ಒಂದು ಗೇಣು ಮುಂದ ತಂದು ಕತ್ತರಸ್ರಿ. ಅಲ್ಲಿ ಒಂದು ಪದರ ಹೆಚ್ಚಿಗಿ ಆಗತೈತಿ, ವಾಲ್ವಿನ ನಟ್ಟು ಅದನ್ನ ಅದುಮಿ ಹಿಡೀತೈತಿ. ತೂತು ಮಾಡಾಕ ಚಾಕು ಬ್ಯಾಡ. ದಬ್ಬಣಾ ಕಾಸಿ ಚುಚ್ಚಿದ್ರ ಅಂಚು ಕರಗಿ ಗುಂಡಗ ಆಗತೈತಿ, ಹರಿಯೂದಿಲ್ಲ.

ಏಪ್ರಿಲ್ ಬಿಸಿಲಿನ್ಯಾಗ ಮುಳಗುಂದ ಕಡೆ ಎರಿ ಹೊಲದಾಗ ಓಡಿಸೀನಿ, ಕಪ್ಪತಗುಡ್ಡದ ಗಾಳಿಯಂತ್ರದ ದಾರಿ ಕಲ್ಲಿನ್ಯಾಗ ಇಳಿಸೀನಿ. ಟೈರ್ ಸವದು ಬದಲಾದ್ರೂ ಟೇಪ್ ಅದ ಐತಿ.

ಸಪ್ತಾಪುರದಾಕಿ, ಧಾರವಾಡ

ಅಗಲದ ಬಗ್ಗೆ ಕೇಳೀರಿ ಅಂತ ಬರೀಲಿಕತ್ತೀನಿ. ಇದನ್ನ ಬರೀಬೇಕಾದ್ರ ಇವತ್ತಿಗೂ ನನಗ ಸಿಟ್ಟು ಬರ್ತದ.

ನನ್ನ ರಿಮ್ಮಿನ ಒಳಗಿನ ಅಗಲ 23. ನಾನು ಅಂಗಡಿಗೇ ಕೊಟ್ಟೆ. ಎಲ್ಲಾ ಸೇರಿ 3,200 ತಗೊಂಡ್ರು. ಒಳಗ ಯಾವ ಟೇಪ್ ಹಾಕಿದ್ರು ಅಂತ ನನಗ ಹೇಳಲಿಲ್ಲ. ಮುಂದ ಗೊತ್ತಾತು, ಅವರ ಹತ್ರ ಸ್ಟಾಕ್ ಇದ್ದದ್ದು 21ರದು, ಅದನ್ನೇ ಸುತ್ತಿ ಕಳಿಸಿದ್ರು. ಸ್ಪೋಕಿನ ತೂತು ಮುಚ್ಚಿದ್ವು, ಖರೆ. ಆದ್ರ ಟೇಪಿನ ಅಂಚು ರಿಮ್ಮಿನ ನಡುವ ಸುತ್ತಲೂ ಇರೋ ಗುಂಡಿಯ ಇಳಿಜಾರಿನ ಮ್ಯಾಲೇ ನಿಂತಿತ್ತು. ಟೈರಿನ ಬೀಡ್ (ರಿಮ್ಮಿಗೆ ಕೂಡೋ ಗಟ್ಟಿ ಅಂಚು) ಆ ಗುಂಡಿಯಿಂದ ಟಪ್ ಅಂತ ಅಂಚಿಗೆ ಹತ್ತುವಾಗ ಟೇಪಿನ ಬದಿಯನ್ನ ಎಬ್ಬಿಸಿಕೊಂಡೇ ಹತ್ತಿತು. ಅಲ್ಲಿಂದ ಸೀಲೆಂಟ್ ಕೆಳಗ ಇಳೀತು, ಅಂಟು ತೇಲಿತು.

ಕೆಲಗೇರಿ ಕೆರೀ ತನಕ ಹೋಗಿ ಬಂದ್ರ ಸಂಜೀಕೆ ಗಾಲಿ ಮೆತ್ತಗ. ಅಂಗಡಿಯವರು ಟೈರಿನ ಪಕ್ಕ ಸೋರ್ತದ ಅಂದ್ರು, ಹೊಸಾ ಟೈರ್ 2,900. ಅದಾದ ಮ್ಯಾಲೂ ಸೋರ್ತು. ಸೀಲೆಂಟ್ ಸಾಲಲಿಲ್ಲ ಅಂದ್ರು, ಬಾಟಲಿ 1,450. ಮತ್ತ ಸೋರ್ತು. ವಾಲ್ವ್ ಬರೋಬ್ಬರಿ ಇಲ್ಲ ಅಂದ್ರು, ಜೋಡಿ 750. ಒಬ್ಬರೂ ಟೇಪ್ ಬಿಚ್ಚಿ ನೋಡಲಿಲ್ಲ! ಕಡೀಕ ಗಾಲಿ ತಿರಗಿಸಿದ್ರ ರಿಮ್ಮಿನ ಹೊಟ್ಟ್ಯಾಗ ನೀರು ಗುಳುಗುಳು ಅನ್ನಲಿಕ್ಕೆ ಹತ್ತಿತು. ನಾನೇ ಬಿಚ್ಚಿದೆ. ಟೇಪ್ ಜಗ್ಗೂದೇ ಬೇಡಾಗಿತ್ತು, ತಾನೇ ಎದ್ದು ಬಂತು. ಸ್ಪೋಕ್ ಬಿಗಿಯೋ ಅಲ್ಯುಮಿನಿಯಂ ನಟ್ಟು, ಅಂದ್ರ ನಿಪ್ಪಲ್ಲೆಲ್ಲ ಬಿಳೇ ಪುಡಿ ಹಿಡದು ತಿಂದುಹೋಗಿದ್ವು, ಸ್ಪೋಕ್ ಬಿಗಿ ಮಾಡಲಿಕ್ಕೆ ಹೋದ್ರ ಮುರೀಲಿಕತ್ತಿದ್ವು. 32 ಹಿತ್ತಾಳಿ ನಿಪ್ಪಲ್ಲಿಗೆ 640, ಗಾಲಿ ಹೊಸದಾಗಿ ಕಟ್ಟಿದ ಮಜೂರಿ 900.

ಮೊದಲಿನ 3,200 ಬಿಟ್ಟು 6,640 ರೂಪಾಯಿ ಹೋತು. ಯಾಕ? ಟೇಪ್ ಅಗಲ ಸಾಲಲಿಲ್ಲ ಅಂತ.

ಈಗ ನಾನು 450 ಕೊಟ್ಟು ಡಿಜಿಟಲ್ ವರ್ನಿಯರ್ ಇಟಗೊಂಡೀನಿ. ರಿಮ್ಮಿನ ಒಳಗಿನ ಗ್ವಾಡಿಯಿಂದ ಗ್ವಾಡಿಗೆ ಅಳೀರಿ. ನಡುವ ಗುಂಡಿ ಇರ್ತದಲ್ಲಾ, ಟೇಪ್ ಅದರೊಳಗ ಇಳದು ಹತ್ತಬೇಕು, ಅದಕ್ಕ ನೇರ ಅಳತೀಕಿಂತ 3ರಿಂದ 5 ಮಿ.ಮೀ. ಹೆಚ್ಚು ಬೇಕು. ನನ್ನ 23ಕ್ಕ 28 ಹಾಕೀನಿ, ಗ್ವಾಡಿ ಬುಡದ ತನಕ ಕೂತದ. ಒಂದು ಹನಿ ಸೋರಿಲ್ಲ.

ನವನಗರ ಗ್ಯಾರೇಜ್

ಅಕ್ಕಾರ, ನಿಮಗ ಆದದ್ದು ತಪ್ಪು, ಆ ಕೆಲಸಾ ಮಾಡಿದವರು ತಪ್ಪು. ಆದ್ರ ಎಲ್ಲಾ ಅಂಗಡಿ ಹಂಗ ಅನ್ನೂ ಹಂಗ ಬರೀಬ್ಯಾಡ್ರಿ. ನಾನು ಇದ ಕೆಲಸಾ ಮಾಡಿ ಹೊಟ್ಟಿ ಹೊರಕೊಳ್ಳಾವ.

ಒಂದು ಗಾಲಿಗೆ ಎಷ್ಟು ಹೊತ್ತು ಹಿಡೀತೈತಿ ಅಂತ ಯಾರಿಗಾದ್ರೂ ಗೊತ್ತೈತೇನು? ಹಳೇ ಟೇಪ್ ಕಿತ್ತು, ಅಂಟು ತಿಕ್ಕಿ, ಸ್ಪೋಕ್ ತೂತಿನ ಅಂಚಿನ್ಯಾಗ ಮುಳ್ಳು ಎದ್ದಿದ್ರ ಅರದಿಂದ ತೀಡಿ, ಆಲ್ಕೋಹಾಲ್ ಒರಸಿ, ಒಣಗಿಸಿ, ಸುತ್ತಿ, ಪ್ಲಾಸ್ಟಿಕ್ ಲೀವರಿನಿಂದ ಮೂಲಿ ಮೂಲಿ ಒತ್ತಿ, ಆಮ್ಯಾಲ ಟ್ಯೂಬ್ ಹಾಕಿ ಹವಾ ತುಂಬಿ ಒಂದು ರಾತ್ರಿ ಬಿಡತೀನಿ, ಟೇಪ್ ಕುಂದ್ರಲಿ ಅಂತ. ಮರುದಿನ ಟ್ಯೂಬ್ ತಗದು ಸೀಲೆಂಟ್. ಇಷ್ಟಕ್ಕ 300 ಮಜೂರಿ ಅಂದ್ರ ಗಿರಾಕಿ ಮಾರಿ ಸಣ್ಣದು ಮಾಡತಾರ. ನಿನ್ನಿ ಹಾಕಿ ಇವತ್ತ ಕೊಡ್ರಿ ಅಂತಾರ. ಮನ್ಯಾಗ ಸೀಮೆಎಣ್ಣಿಲೆ ಒರಸಿ, ಇನ್ಸುಲೇಷನ್ ಟೇಪ್ ಸುತ್ತಿ, ಅದು ಬಿಸಿಲಿಗೆ ಮೆತ್ತಗಾಗಿ ಸ್ಪೋಕ್ ತೂತಿನ್ಯಾಗ ಇಳದಮ್ಯಾಲ ನನ್ನ ಕಡೆ ತರತಾರ. ಆ ಅಂಟು ತಗ್ಯಾಕ ನನಗ ಅರ್ಧ ದಿನ ಹೋಗತೈತಿ, ಅದಕ್ಕ ಯಾರೂ ರೊಕ್ಕಾ ಕೊಡೂದಿಲ್ಲ.

ಇನ್ನ ಗದಗಿನ ಅಣ್ಣಾರ, ಜಾಯಿಂಟ್ ವಾಲ್ವ್ ಮ್ಯಾಲ ತರೂದು ಬರೋಬ್ಬರಿ ಅಲ್ಲ. ನಾನು ವಾಲ್ವಿನ ಎದುರಿಗೆ ಶುರು ಮಾಡಿ ಎದುರಿಗೇ ಮುಗಸತೀನಿ. ವಾಲ್ವ್ ಹತ್ರ ಪದರ ಹೆಚ್ಚಾದ್ರ ವಾಲ್ವಿನ ರಬ್ಬರ್ ಬುಡ ಸಪಾಟಾಗಿ ಕುಂದ್ರೂದಿಲ್ಲ, ಸಂದಿಯಿಂದ ಹವಾ ರಿಮ್ಮಿನೊಳಗ ಹೋಗತೈತಿ.

ಕಪ್ಪತಗುಡ್ಡ ಗಾಲಿ, ಗದಗ

ರಬ್ಬರ್ ಬುಡ ಕುಂದ್ರಲಿಲ್ಲ ಅಂದ್ರ ಅದು ವಾಲ್ವಿನ ಆಕಾರದ ಮಾತು, ಟೇಪಿನದಲ್ಲ. ಕೋನದ ಆಕಾರದ ರಬ್ಬರ್ ಇದ್ದದ್ದು ತಗೊಂಡ್ರ ಎಷ್ಟು ಪದರ ಇದ್ರೂ ಕುಂದರತೈತಿ. ಎದುರಿಗೆ ಜಾಯಿಂಟ್ ಇಟ್ರ ಅದನ್ನ ಹಿಡಿಯಾಕ ಅಲ್ಲಿ ಏನೈತಿ? ಬರೇ ಅಂಟು. ನಂದು ಇವತ್ತಿಗೂ ಎದ್ದಿಲ್ಲ.

ನವನಗರ ಗ್ಯಾರೇಜ್

ಟೈರಿನ ಬೀಡ್ ಹಿಡೀತೈತಿ ಅಣ್ಣಾರ, ಎರಡೂ ಬದಿಗೆ, ಸುತ್ತಲೂ. ನೀವು ನಿಮ್ಮ ಗುಂಪಿನ ಗಾಲಿ ನೋಡೀರಿ, ನಾನು ದಿನಾ ಬ್ಯಾರೆ ಬ್ಯಾರೆ ಕಂಪನಿ ರಿಮ್ ನೋಡತೀನಿ.

ತುಂಗಭದ್ರೆ ಟೂರರ್, ರಾಣೇಬೆನ್ನೂರು

ಎಲ್ಲರೂ ಟೇಪಿನ ಬಗ್ಗೆಯೇ ಮಾತನಾಡುತ್ತಿದ್ದೀರಿ. ಟ್ಯೂಬ್‌ಲೆಸ್ ಬೇಕೇ ಎಂಬ ಪ್ರಶ್ನೆಯನ್ನು ಯಾರೂ ಎತ್ತುತ್ತಿಲ್ಲ. ನಾನು ಟ್ಯೂಬ್‌ಲೆಸ್ ಬಿಟ್ಟು ಟ್ಯೂಬಿಗೆ ಮರಳಿದವನು. ಅದರ ಬಗ್ಗೆ ನನಗೆ ಹೆಮ್ಮೆಯಿದೆ.

600 ಕಿ.ಮೀ. ಬ್ರೆವೆಯಲ್ಲಿ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ) 40 ಗಂಟೆಯ ಗಡುವು. 400 ದಾಟಿದ ಮೇಲೆ, ನಡುರಾತ್ರಿಯಲ್ಲಿ, ಹಿಂದಿನ ಗಾಲಿಯ ಒಂದು ಸ್ಪೋಕ್ ಮುರಿಯಿತು. ನಿಪ್ಪಲ್ಲೂ ಒಡೆದಿತ್ತು. ಟ್ಯೂಬಿನ ಗಾಲಿಯಾಗಿದ್ದರೆ ರಿಮ್ಮಿನ ಪಟ್ಟಿ ಸರಿಸಿ ಹೊಸ ನಿಪ್ಪಲ್ ಕೂರಿಸಿ ಹೊರಡುವುದು ಹದಿನೈದು ನಿಮಿಷದ ಕೆಲಸ. ಟ್ಯೂಬ್‌ಲೆಸ್‌ನಲ್ಲಿ ಏನಾಯಿತು? ಟೈರ್ ಬಿಚ್ಚಬೇಕು, ಸೀಲೆಂಟ್ ರಸ್ತೆಗೆ ಚೆಲ್ಲಬೇಕು, ಅಂಟಿದ ಟೇಪನ್ನು ಎಬ್ಬಿಸಬೇಕು. ಎಬ್ಬಿಸಿದ ಟೇಪ್ ಮತ್ತೆ ಅಂಟುತ್ತದೆಯೇ? ಅದಕ್ಕೆ ಸೀಲೆಂಟ್ ತಾಗಿತ್ತು, ಇಬ್ಬನಿ ಬೀಳುತ್ತಿತ್ತು. ಜೊತೆಗಿದ್ದ ಟ್ಯೂಬ್ ಹಾಕಿದೆ. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಅದೂ ಪಂಕ್ಚರ್. ಕಾರಣ, ಅಷ್ಟು ತಿಂಗಳು ಸೀಲೆಂಟ್ ಮುಚ್ಚಿಟ್ಟಿದ್ದ ಮುಳ್ಳುಗಳ ಮೊನೆಗಳು ಟೈರಿನ ಒಳಗೇ ಇದ್ದವು. ಗಡುವು ಮೀರಿತು. ಆ ವರ್ಷದ ಸೂಪರ್ ರ‍್ಯಾಂಡನರ್ ಹೋಯಿತು. ಆ ಬಿರುದಿಗೆ ಒಂದೇ ವರ್ಷದಲ್ಲಿ ಬೇಕಾದ ಬ್ರೆವೆಗಳಲ್ಲಿ 200, 300, 400 ಮೂರೂ ಮುಗಿಸಿದ್ದೆ, ಉಳಿದದ್ದು ಅದೊಂದೇ.

ಈಗ ಟಿಪಿಯು (ತೆಳುವಾದ ಪ್ಲಾಸ್ಟಿಕ್) ಟ್ಯೂಬ್ ಬಳಸುತ್ತೇನೆ. ಒಂದಕ್ಕೆ 450 ರೂಪಾಯಿ. ಸೀಟಿನ ಚೀಲದಲ್ಲಿ ಎರಡು ಇಟ್ಟರೂ ಜಾಗ ಉಳಿಯುತ್ತದೆ. ಟ್ಯೂಬ್‌ಲೆಸ್ ಕಾಲದಲ್ಲಿ ವರ್ಷಕ್ಕೆ ಸೀಲೆಂಟಿಗೇ 2,000 ದಾಟುತ್ತಿತ್ತು, ನಮ್ಮ ಬೇಸಿಗೆಯಲ್ಲಿ ಅದು ಎಷ್ಟು ಬೇಗ ಒಣಗುತ್ತದೆ ಎಂಬುದು ನಿಮಗೆಲ್ಲ ಗೊತ್ತು.

ಕಪ್ಪತಗುಡ್ಡ ಗಾಲಿ, ಗದಗ

ಕಾಕಾ, ಅನುಭವ ದೊಡ್ಡದು, ಒಪ್ಪತೀನಿ. ಆದ್ರ ಟ್ಯೂಬ್ ಹಾಕೂ ಮುಂಚೆ ಟೈರಿನೊಳಗ ಬಟ್ಟಿ ಆಡಿಸಿ ಮುಳ್ಳು ತಗೀಬೇಕಿತ್ತು. ಅದನ್ನ ಬಿಟ್ಟು ಟೇಪಿನ ಮ್ಯಾಲ ಹಾಕಿದ್ರ ಹೆಂಗ? ನೀವು ಹೇಳೂ ಟಿಪಿಯು ಟ್ಯೂಬ್ ಹಾಕ್ಕೊಂಡು ಒಂದು ಸಲ ಅಣ್ಣಿಗೇರಿ ಹೊಲದಾಗ ಬರ್ರಿ. ನೆಗ್ಗಿಲಮುಳ್ಳು ಒಂದಲ್ಲ, ಒಂದ ಸಲಕ್ಕ ಹತ್ತು ಹತ್ತತಾವು.

ತುಂಗಭದ್ರೆ ಟೂರರ್, ರಾಣೇಬೆನ್ನೂರು

ಇಬ್ಬನಿ ಬೀಳುತ್ತಿರುವಾಗ, ತಲೆಯ ಲೈಟಿನ ಬೆಳಕಿನಲ್ಲಿ, ಬೆರಳು ಮರಗಟ್ಟಿರುವಾಗ ಸೀಲೆಂಟ್ ಮೆತ್ತಿದ ಟೈರಿನೊಳಗೆ ಮುಳ್ಳು ಹುಡುಕಿ ನೋಡಿ, ಆಮೇಲೆ ಮಾತನಾಡೋಣ. ನಾನು ಹುಡುಕಿದೆ, ಸಿಕ್ಕಿದ್ದನ್ನು ತೆಗೆದೆ. ಕಾಕಾ ಎಂದು ಕರೆದು ಪಾಠ ಹೇಳುವುದು ಬೇಡ. ನಿಮ್ಮ ದಾರಿ ಹೊಲದ್ದು, ನನ್ನದು ಹೆದ್ದಾರಿಯದು. ಕೇಳಿದವರು ಎರಡೂ ಕೇಳಿಸಿಕೊಳ್ಳಲಿ.

ಗೋಕುಲ ರೋಡ್ ಎಸ್ಟೇಟ್

ನನ್ನದು ಬೇರೆಯೇ ದಾರಿ. ಪಾಲಿಇಮೈಡ್ ಟೇಪ್. ಮೊಬೈಲ್ ರಿಪೇರಿಯವರು ಬೋರ್ಡಿಗೆ ಬಿಸಿ ತಾಗದಂತೆ ಹಚ್ಚುವ, ಜೇನಿನ ಬಣ್ಣದ ಪಾರದರ್ಶಕ ಟೇಪ್. ಹುಬ್ಬಳ್ಳಿಯಲ್ಲೇ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ 25 ಮಿ.ಮೀ., 33 ಮೀಟರ್ ರೋಲ್ 380ಕ್ಕೆ ಸಿಕ್ಕಿತು. ಕೊರಿಯರ್ ಇಲ್ಲ, ಕಾಯುವುದಿಲ್ಲ.

ಇದರ ಅಂಟು ಸಿಲಿಕೋನ್. ಸೀಲೆಂಟಿನ ನೀರಿಗೆ, ಅಮೋನಿಯಾಕ್ಕೆ ಅದು ಮೆತ್ತಗಾಗುವುದಿಲ್ಲ. ಬಿಸಿಗಂತೂ ಚಿಂತೆಯೇ ಇಲ್ಲ. ನನ್ನದು ರಿಮ್ ಬ್ರೇಕಿನ ಹಳೆಯ ಸೈಕಲ್, ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ರಿಮ್ ಕೈ ಸುಡುವಷ್ಟು ಕಾಯುತ್ತದೆ. ಮೊದಲಿದ್ದ ಟೇಪಿನ ಅಂಟು ಆ ಕಾವಿಗೆ ಕರಗಿ ಜಾರಿತ್ತು. ಇದು ಕದಲಿಲ್ಲ. ತೆಗೆದಾಗಲೂ ಹಿಂದೆ ಅಂಟು ಉಳಿಯುವುದಿಲ್ಲ. ತುಂಬ ತೆಳ್ಳಗಿರುವುದರಿಂದ ಮೂರು ಸುತ್ತು ಹಾಕಿದ್ದೇನೆ, ಆದರೂ ದಪ್ಪ ಟೇಪಿನ ಒಂದೂವರೆ ಸುತ್ತಿನಷ್ಟೂ ದಪ್ಪವಾಗಿಲ್ಲ.

ಹಳದಿ ಟೇಪಿಗೆ ಸಾವಿರ ಸುರಿಯುವವರನ್ನು ಕಂಡರೆ ಸಂಕಟವಾಗುತ್ತದೆ.

ನವನಗರ ಗ್ಯಾರೇಜ್

ನಿಮ್ಮ ಟೇಪ್ ಬಿಸಿಗೆ ಗಟ್ಟಿ, ಹರಿಯೂದಕ್ಕ ಅಲ್ಲ. ಅಂಚಿಗೆ ಒಂದು ಕೂದಲೆಳಿ ಕಚ್ಚು ಬಿದ್ರ ಸರ್ ಅಂತ ಅಡ್ಡಾ ಸೀಳತೈತಿ. ಟೈರ್ ಏರಿಸುವಾಗ ಲೀವರ್ ತುದಿ ತಾಗಿದ್ರ ಮುಗೀತು. ನನ್ನ ಕಡೆ ಬಂದ ಗಾಲ್ಯಾಗ ನೋಡೀನಿ, ಸ್ಪೋಕ್ ತೂತಿನ ಮ್ಯಾಲ ಸೀಳಿ ಹವಾ ಒಮ್ಮೆಲೇ ಹೋಗಿತ್ತು. ಸಣ್ಣ ತೂತಿನ ರಿಮ್ಮಿಗೆ ನಡೀಬಹುದು. 8, 9 ಮಿ.ಮೀ. ತೂತು ಇದ್ದಲ್ಲಿ ನಾನಂತೂ ಹಾಕೂದಿಲ್ಲ.

ಗೋಕುಲ ರೋಡ್ ಎಸ್ಟೇಟ್

ಲೀವರ್ ಬಳಸಿದರೆ ಯಾವ ಟೇಪೂ ಹರಿಯುತ್ತದೆ. ಕೈಯಲ್ಲೇ ಏರಿಸಿ. ಬೀಡನ್ನು ನಡುವಿನ ಗುಂಡಿಗೆ ತಳ್ಳುತ್ತ ಬಂದು ವಾಲ್ವ್ ಹತ್ತಿರ ಮುಗಿಸಿದರೆ ಲೀವರ್ ಬೇಕಾಗುವುದಿಲ್ಲ.

ವಿದ್ಯಾನಗರ ಹುಕ್‌ಲೆಸ್

ಕೈಯಲ್ಲೇ ಏರಿಸಿ ಅನ್ನೋದು ಎಲ್ಲ ರಿಮ್ಮಿಗೂ ಆಗುವ ಮಾತಲ್ಲ. ನನ್ನದು ಹುಕ್‌ಲೆಸ್ ಕಾರ್ಬನ್ ರಿಮ್ (ಬೀಡ್ ಹಿಡಿಯುವ ಕೊಕ್ಕೆಯಂಥ ಅಂಚು, ಅಂದರೆ ಹುಕ್, ಇಲ್ಲದ್ದು), ಟೈರ್ 30. ಯಾರದೋ ಮಾತು ಕೇಳಿ ಅಂಗಡಿಯವರು ದಪ್ಪ ಟೇಪ್ ಎರಡು ಸುತ್ತು ಹಾಕಿದರು. ಗುಂಡಿಯೇ ತುಂಬಿಹೋಯಿತು. ಬೀಡ್ ಇಳಿಯಲು ಜಾಗವಿಲ್ಲ. ಹೆಬ್ಬೆರಳ ಚರ್ಮ ಕಿತ್ತು ಬಂತು, 350 ರೂಪಾಯಿಯ ಲೀವರ್ ಜೋಡಿ ಮುರಿಯಿತು, ಕೊನೆಗೆ 5,200 ರೂಪಾಯಿಯ ಟೈರಿನ ಬೀಡೇ ಹರಿಯಿತು. ಟೇಪ್ ಕಿತ್ತು ತೆಳುವಾದದ್ದನ್ನು ಒಂದೇ ಸುತ್ತು ಹಾಕಿದ ಮೇಲೆ ಅದೇ ಕಂಪನಿಯ ಟೈರ್ ಕೈಯಲ್ಲಿ ಕೂತಿತು. ಹುಕ್‌ಲೆಸ್ ಇದ್ದವರು ಎರಡು ಸುತ್ತಿನ ಗೋಜಿಗೆ ಹೋಗಬೇಡಿ. 5 ಬಾರ್, ಅಂದರೆ 72.5 ಪಿಎಸ್‌ಐ ಮೇಲೆ ಹೇಗಿದ್ದರೂ ತುಂಬುವಂತಿಲ್ಲ. ಅಷ್ಟು ಒತ್ತಡಕ್ಕೆ ಒಳ್ಳೆಯ ಟೇಪ್ ಒಂದೇ ಸುತ್ತು ತಡೆಯುತ್ತದೆ.

ತುಂಗಭದ್ರೆ ಟೂರರ್, ರಾಣೇಬೆನ್ನೂರು

ಹುಕ್ಕೇ ಇಲ್ಲದ ರಿಮ್ಮನ್ನು ಅಷ್ಟು ಬೆಲೆ ಕೊಟ್ಟು ತಂದು, ಅದರ ಮೇಲೆ ಜೀವ ಇಡುವುದು ನನಗೆ ಅರ್ಥವಾಗದ ವಿಚಾರ.

ವಿದ್ಯಾನಗರ ಹುಕ್‌ಲೆಸ್

ನಿಮಗೆ ಅರ್ಥವಾಗದಿದ್ದರೆ ಬಿಡಿ ಸರ್. ಟೈರ್ ಕಂಪನಿ ಹುಕ್‌ಲೆಸ್‌ಗೆ ಆಗುತ್ತದೆ ಎಂದು ಬರೆದಿದ್ದನ್ನೇ ಹಾಕಿ, ಒತ್ತಡದ ಮಿತಿಯೊಳಗೆ ಓಡಿಸುವವನು ನಾನು. ಇಲ್ಲಿ ಪ್ರಶ್ನೆ ಟೇಪಿನದು.

ಬ್ಯಾಡಗಿ 26 ಇಂಚು

ನೀವೆಲ್ಲಾ ಸಾವಿರದ ಮಾತಾಡಾಕತ್ತೀರಿ. ನಂದು 26 ಇಂಚಿನ ಹಳೇ ಎಂಟಿಬಿ (ಮೌಂಟೇನ್ ಬೈಕ್), ರಿಮ್ ಟ್ಯೂಬ್‌ಲೆಸ್ಸಿಗಂತ ಮಾಡಿದ್ದ ಅಲ್ಲ. ಯಾವ ಟೇಪ್ ಸುತ್ತಿದ್ರೂ ಬೀಡ್ ಸಡಿಲಾಗಿ ಹವಾ ನಿಲ್ಲತಿರಲಿಲ್ಲ. ಹುಡುಗರ 20 ಇಂಚಿನ ಸೈಕಲ್ ಟ್ಯೂಬ್ ತಂದೆ, ಒಂದಕ್ಕ 110 ರೂಪಾಯಿ. ಅದನ್ನ ರಿಮ್ಮಿಗೆ ಜಗ್ಗಿ ಏರಿಸಿ, ಹೊರಗಿನ ಬೆನ್ನಿನ ಗುಂಟ ಉದ್ದಕ್ಕ ಕತ್ತರಿಸಿ, ಎರಡೂ ಬದಿಗೆ ಹಾಸಿದೆ. ಮ್ಯಾಲ ಟೈರ್, ಒಳಗ ಸೀಲೆಂಟ್. ಹವಾ ತುಂಬಿ ಹೊರಗ ಉಳಿದ ರಬ್ಬರ್ ಬ್ಲೇಡಿನಿಂದ ಕೊಯ್ದೆ. ಟ್ಯೂಬಿನ ವಾಲ್ವ ವಾಲ್ವ್ ಆತು, 700 ರೂಪಾಯಿ ವಾಲ್ವ್ ಬೇಕಾಗಲಿಲ್ಲ. ಎರಡೂ ಗಾಲಿಗೆ ಸೀಲೆಂಟ್ ಬಿಟ್ಟು 220 ಖರ್ಚು. ಪೆಟ್ರೋಲ್ ಪಂಪಿನ್ಯಾಗ ಸೀದಾ ಹವಾ ತುಂಬಬಹುದು, ಅಡಾಪ್ಟರ್ ಬ್ಯಾಡ. ಮೆಣಸಿನಕಾಯಿ ಹೊಲದ ದಾರ್ಯಾಗ ದಿನಾ ಓಡತೈತಿ.

ಗೋಕುಲ ರೋಡ್ ಎಸ್ಟೇಟ್

ಒಳ್ಳೆಯ ಉಪಾಯ. ಆದರೆ ಟೈರ್ ಬದಲಿಸಿದಾಗಲೆಲ್ಲ ಹೊಸ ಟ್ಯೂಬ್ ಬೇಕು. ಕೊಯ್ದ ರಬ್ಬರ್ ಸೀಲೆಂಟಿಗೆ ಟೈರಿನ ಜೊತೆ ಅಂಟಿಕೊಂಡು ಕಿತ್ತೇ ಬರುತ್ತದೆ.

ಬ್ಯಾಡಗಿ 26 ಇಂಚು

ಟೈರ್ ದಿನಾ ಬದಲಿಸತೇವೇನ್ರಿ? ಬದಲಿಸಿದ್ರೂ 110. ನಿಮ್ಮ ರೋಲಿನ ಲೆಕ್ಕಾ ನೀವ ಇಟ್ಟುಕೊಳ್ರಿ.

ಕೇಶ್ವಾಪುರ ಸವಾರ

ಎಲ್ಲಾರೂ ಇಷ್ಟು ಬರದದ್ದಕ್ಕ ಭಾಳ ಉಪಕಾರ ಆತು. ಆದ್ರ ನಂದು 21ರ ರಿಮ್, 40 ಟೈರ್, ಹವಾ 35 ಪಿಎಸ್‌ಐ ಆಜೂಬಾಜೂ. ಹುಕ್ ಇದ್ದ ರಿಮ್ಮ, ಟಿಸಿ ಅಂದ್ರ ಹುಕ್ ಇದ್ದದ್ದು ಅಂತ ಓದೀನಿ. 25 ತಗೊಳ್ಲ್ಯಾ? ಒಂದ ಸುತ್ತು ಸಾಕಾ? ವಾಲ್ವ್ ಹತ್ರ ಶುರು ಮಾಡಲ್ಯೋ, ಎದುರಿಗೋ?

ಸಪ್ತಾಪುರದಾಕಿ, ಧಾರವಾಡ

25. ಕಣ್ಣು ಮುಚ್ಚಿ ತಗೋರಿ. 23 ಹಾಕಿದ್ರ ನನ್ನ ಕಥೀನೇ ನಿಮ್ಮದೂ ಆಗ್ತದ. ಎರಡು ಸುತ್ತು ಹಾಕ್ರಿ, ಅಂಚು ಎದ್ರೂ ಕೆಳಗಿಂದು ಹಿಡದಿರ್ತದ. ಅಂಗಡಿಗೆ ಕೊಟ್ರ ಎದುರಿಗೆ ನಿಂತು ಮಾಡಿಸ್ರಿ, ರೋಲ್ ಮ್ಯಾಲಿನ ಅಳತಿ ಓದಿಸಿಕೊಳ್ರಿ.

ನವನಗರ ಗ್ಯಾರೇಜ್

ಅಳತಿ 25, ಅಕ್ಕಾರ ಹೇಳಿದ್ದು ಬರೋಬ್ಬರಿ. ಸುತ್ತು ಒಂದ ಸಾಕು. 35 ಪಿಎಸ್‌ಐಗೆ ಎರಡು ಯಾಕ? ರೋಡ್ ಸೈಕಲ್ಲಿಗೆ 60, 70 ತುಂಬಾವರಿಗೆ ಎರಡು. ಟೇಪ್ ಎಷ್ಟು ಪದರ ಅನ್ನೂದಕ್ಕಿಂತ ರಿಮ್ ಎಷ್ಟು ಸ್ವಚ್ಛ ಅನ್ನೂದು ನೋಡ್ರಿ.

ಇನ್ನೊಂದು ಮಾತು, ಇದನ್ನ ಇಲ್ಲಿ ಯಾರೂ ಹೇಳಲಿಲ್ಲ. ಸೋರಿದ್ರ ಸಾಬಾಣಿ ನೀರು ಹಾಕಿ ನೋಡತೀರಿ, ಒಂದು ನಿಪ್ಪಲ್ ಹತ್ರ ಗುಳ್ಳಿ ಬರತೈತಿ. ಟೇಪ್ ಅಲ್ಲೇ ಹರದೈತಿ ಅಂತ ತಿಳೀಬ್ಯಾಡ್ರಿ. ರಿಮ್ ಒಳಗ ಪೊಳ್ಳು. ಹವಾ ಎಲ್ಲಿಂದರ ಒಳಗ ಹೋಗಿ ಎಲ್ಲಿಂದರ ಹೊರಗ ಬರತೈತಿ. ನಿಪ್ಪಲ್ಲಿನ್ಯಾಗ ಗುಳ್ಳಿ ಬಂದ್ರ ನಾನು ಮೊದಲು ವಾಲ್ವಿನ ಬುಡಾ ನೋಡತೀನಿ, ನಟ್ಟು ಕೈಲೆ ಬಿಗೀತೀನಿ. ಪಕ್ಕಡ ಹಾಕಿ ಬಿಗಿಬಾರದು, ರಬ್ಬರ್ ಹಿಚಕಿ ತೂತಿನ್ಯಾಗ ಇಳೀತೈತಿ. ಅದಕ್ಕೂ ನಿಲ್ಲಲಿಲ್ಲ ಅಂದ್ರ ಟೇಪ್ ಬಿಚ್ಚತೀನಿ.

ಸಪ್ತಾಪುರದಾಕಿ, ಧಾರವಾಡ

ಈ ಮಾತು ನನಗ ಆಗ ಯಾರಾದ್ರೂ ಹೇಳಿದ್ರ 2,900ರ ಟೈರ್ ಉಳೀತಿತ್ತು.

ಕಪ್ಪತಗುಡ್ಡ ಗಾಲಿ, ಗದಗ

ಕೇಶ್ವಾಪುರದ ಅಣ್ಣಾ, ನನ್ನ ಹೊಸಾ ರೋಲಿನ್ಯಾಗ 20 ಮೀಟರಿನ ಮ್ಯಾಲ ಉಳದೈತಿ. ಎರಡು ಗಾಲಿಗೆ ಎರಡೆರಡು ಸುತ್ತಿಗೆ ಬೇಕಾದಷ್ಟು 240 ರೂಪಾಯಿಗೆ ಕೊಡತೀನಿ. ಅಣ್ಣಿಗೇರಿತನಕ ಬರತೀರಲ್ಲ, ನಾನೂ ಅಲ್ಲೀತನಕ ಬರತೀನಿ. ಒಂದು ಸುತ್ತು ಹಾಕೂದಾದ್ರ 120 ಕೊಡ್ರಿ. ಶುರು ಮಾಡೂದು ಮಾತ್ರ ವಾಲ್ವ್ ಹತ್ರನ.

ನವನಗರ ಗ್ಯಾರೇಜ್

ರೋಲಿನಿಂದ ಕತ್ತರಿಸಿ ಕಡ್ಡಿಗೆ ಸುತ್ತಿ ಕೊಡಬ್ಯಾಡ್ರಿ ಅಣ್ಣಾರ. ದಾರ್ಯಾಗ ಅಂಚಿಗೆ ಧೂಳಿ ಹತ್ತತೈತಿ, ನಮ್ಮ ಕಡೆ ಎರಿಮಣ್ಣಿನ ಧೂಳಿ ಹತ್ತಿದ್ರ ಮುಗೀತು, ಆ ಅಂಚು ಅಂಟೂದಿಲ್ಲ. ಕೊಟ್ರ ರೋಲ್ ಪೂರಾ ಪ್ಲಾಸ್ಟಿಕ್ ಚೀಲದಾಗ ಹಾಕಿ ಕೊಡ್ರಿ, ಉಳದದ್ದು ಅವರು ತಿರಗಿ ಕೊಡತಾರ.

ಕಪ್ಪತಗುಡ್ಡ ಗಾಲಿ, ಗದಗ

ಆತು, ರೋಲ ತರತೀನಿ. ಈ ಮಾತು ಒಪ್ಪತೀನಿ.

ಕೇಶ್ವಾಪುರ ಸವಾರ

ಭಾಳ ಛಲೋ ಆತು. 25, ಒಂದ ಸುತ್ತು ಹಾಕಿ ನೋಡತೀನಿ. ನನ್ನ ಕಡೆ ಕೈ ಪಂಪ್ ಅಷ್ಟ ಐತಿ. ಬೀಡ್ ಕುಂದ್ರಸಾಕ ಪೆಟ್ರೋಲ್ ಪಂಪಿಗೆ ಒಯ್ಯಲ್ಯಾ? 40 ರೂಪಾಯಿ ಹಿತ್ತಾಳಿ ಅಡಾಪ್ಟರ್ ತಂದೀನಿ. ವಾಲ್ವಿನ ಒಳಗಿನ ಕೋರ್ (ಹವಾ ತಡಿಯೂ ತಿರುಪಿನ ತುಂಡು) ತಗದು ತುಂಬಿದ್ರ ಹವಾ ಜೋರ ಹೋಗತೈತಿ ಅಂತಾರಲ್ಲ?

ಗೋಕುಲ ರೋಡ್ ಎಸ್ಟೇಟ್

ಕೋರ್ ತೆಗೆದರೆ ಅಡಾಪ್ಟರ್ ಕೂರುವುದಿಲ್ಲ. ಅದು ತಿರುಪಿಕೊಳ್ಳುವುದೇ ಕೋರಿನ ಮೇಲೆ. ಕೋರ್ ಇಟ್ಟುಕೊಂಡೇ ಪ್ರಯತ್ನಿಸಿ. ಬೀಡಿಗೆ ಸಾಬೂನು ನೀರು ಹಚ್ಚಿ.

ತುಂಗಭದ್ರೆ ಟೂರರ್, ರಾಣೇಬೆನ್ನೂರು

ಸಿಒ2 ಸಿಲಿಂಡರ್ ಮಾತ್ರ ಸೀಲೆಂಟ್ ಹಾಕಿದ ಮೇಲೆ ಬಳಸಬೇಡಿ, ಲ್ಯಾಟೆಕ್ಸ್ ಗಡ್ಡೆ ಕಟ್ಟುತ್ತದೆ. ಮತ್ತು ಚೀಲದಲ್ಲಿ ಒಂದು ಟ್ಯೂಬ್ ಇರಲಿ. ಇದನ್ನು ಯಾರೂ ಬೇಡ ಎನ್ನಲಾರರು.

ನವನಗರ ಗ್ಯಾರೇಜ್

ಪೆಟ್ರೋಲ್ ಪಂಪ್ ಬ್ಯಾಡ. ಅಲ್ಲಿ ಹುಡುಗರು ಕಾರಿನ ಲೆಕ್ಕದಾಗ ತುಂಬತಾರ. ನನ್ನ ಕಡೆ ರಬ್ಬರ್ ತುದಿ ಹವಾ ಗನ್ ಐತಿ, ಕೋರ್ ತಗದು ಹೊಡದ್ರ ಒಂದ ದಮ್ಮಿಗೆ ಕುಂದರತೈತಿ. ಸಂಜೀ 7ರ ಮ್ಯಾಲ ಬರ್ರಿ, ಗಿರಾಕಿ ಕಡಿಮಿ ಇರತಾರ. ಟೇಪ್ ನೀವ ಸುತ್ತಿಕೊಂಡು ಬಂದ್ರೂ ನಡೀತೈತಿ, ಒಂದು ರಾತ್ರಿ ಟ್ಯೂಬ್ ಹಾಕಿ ಇಟ್ಟು ತರ್ರಿ. ಹವಾಕ್ಕ ರೊಕ್ಕಾ ತಗೊಳ್ಳೂದಿಲ್ಲ.